ಸಿದ್ಧವೀರಪ್ಪನವರ ಕೋಟು

ನನ್ನ ಎದೆಯ ಸುತ್ತಳತೆ ಮೂವತ್ತೆಂಟು ಇಂಚು, ತೋಳು ಇಪ್ಪತ್ಮೂರು, ಭುಜದಿಂದ ಭುಜಕ್ಕೆ ಹದಿನೇಳೂವರೆ. ಬೇರೆ ಊರಿನಲ್ಲಿ ಹುಟ್ಟಿದ್ದರೆ ಈ ಅಳತೆ ನನ್ನ ದರ್ಜಿಯೊಬ್ಬನನ್ನು ಬಿಟ್ಟು ಇನ್ಯಾರಿಗೂ ಬೇಕಾಗುತ್ತಿರಲಿಲ್ಲ. ನಮ್ಮ ಊರಿನಲ್ಲಿ ಇದು ಅರ್ಧ ಊರಿಗೆ ಬಾಯಿಪಾಠ. ಉದ್ದವೂ ಅಲ್ಲದ ಗಿಡ್ಡವೂ ಅಲ್ಲದ, ದಪ್ಪವೂ ಅಲ್ಲದ ಸಣಕಲೂ ಅಲ್ಲದ ನನ್ನ ಮೈ, ತೀರಿಕೊಂಡ ಗಂಡಸರಲ್ಲಿ ಹತ್ತಕ್ಕೆ ಏಳು ಜನರ ಕೋಟಿಗೆ ಸರಿಹೊಂದುತ್ತದೆ. ಹಾಗಾಗಿ ಯಾರ ಮನೆಯಲ್ಲಾದರೂ ಸಾವಾದರೆ ಹನ್ನೊಂದನೆಯ ದಿನ ಮುಗಿದ ಮರುದಿನ ನನ್ನನ್ನು ಹುಡುಕಿಕೊಂಡು ಒಬ್ಬರು ಬಂದೇ ಬರುತ್ತಾರೆ. ನಾನು ಪುರಸಭೆಯಲ್ಲಿ ಬೆಳಗಿನ ಹೊತ್ತು ಬೀದಿಗಳಿಗೆ ನೀರು ಬಿಡುವ ಕೆಲಸದವನು. ಹೆಸರು ಪಾಲಾಕ್ಷಪ್ಪ. ಆದರೆ ಜನ ನನ್ನನ್ನು ಗುರುತಿಸುವುದು ಮೂವತ್ತೆಂಟರವನು ಎಂದೇ.

ನಮ್ಮದು ಬಯಲಿನ ನಡುವೆ ದಿಬ್ಬದ ಮೇಲಿರುವ ಊರು. ವರ್ಷದಲ್ಲಿ ಒಂಬತ್ತು ತಿಂಗಳು ಕೊರೆಯುವ ಗಾಳಿ. ಮನುಷ್ಯರಿಗಿಂತ ಕುರಿಗಳೇ ಹೆಚ್ಚು, ಆದ್ದರಿಂದ ಉಣ್ಣೆಯಿಲ್ಲದ ಮನೆಯಿಲ್ಲ. ಉಣ್ಣೆ ಇದ್ದಲ್ಲಿ ನುಸಿಯೂ ಇರುತ್ತದೆ, ಅದರಲ್ಲಿ ಹೊಸತೇನಿಲ್ಲ. ನುಸಿ ಎಂದರೆ ಗೋಧಿ ಬಣ್ಣದ ಪುಟ್ಟ ಪತಂಗ. ಅದು ಪಾಪದ್ದು, ಏನನ್ನೂ ತಿನ್ನುವುದಿಲ್ಲ. ತಿನ್ನುವುದೆಲ್ಲ ಅದರ ಮರಿ, ಅಕ್ಕಿನುಚ್ಚಿನಷ್ಟಿರುವ ಬಿಳಿ ಹುಳ. ಹತ್ತಿಯ ಬಟ್ಟೆಯನ್ನು ಮೂಸಿಯೂ ನೋಡುವುದಿಲ್ಲ. ಉಣ್ಣೆ, ರೇಷ್ಮೆ ಎರಡೇ ಬೇಕು, ಅದರಲ್ಲೂ ಬೆವರು ಹತ್ತಿದ ಕೊರಳಪಟ್ಟಿ, ಕಂಕುಳು. ಬೇರೆ ಊರುಗಳಲ್ಲಿ ಅದಕ್ಕೆ ನುಸಿಗುಳಿಗೆ ಇಡುತ್ತಾರೆ, ಬೇವಿನಸೊಪ್ಪು ಇಡುತ್ತಾರೆ, ಬಿಸಿಲಿಗೆ ಹಾಕುತ್ತಾರೆ. ನಮ್ಮಲ್ಲಿ ಅದ್ಯಾವುದೂ ನಡೆಯುವುದಿಲ್ಲ. ನಮ್ಮ ನುಸಿ ಅಂಜುವುದು ಮೈಬಿಸಿಗೆ ಮಾತ್ರ. ಒಂದು ಅಮಾವಾಸ್ಯೆಯಿಂದ ಇನ್ನೊಂದು ಅಮಾವಾಸ್ಯೆಯೊಳಗೆ ಪ್ರತಿ ಉಣ್ಣೆ ಬಟ್ಟೆಯೂ ಪ್ರತಿ ರೇಷ್ಮೆ ಬಟ್ಟೆಯೂ ಜೀವವಿರುವ ಮೈಯೊಂದರ ಮೇಲೆ ಒಂದು ಗಂಟೆಯಾದರೂ ಇರಬೇಕು. ಇಲ್ಲದಿದ್ದರೆ ಮುಂದಿನ ಸಲ ಪೆಟ್ಟಿಗೆ ತೆಗೆದಾಗ ಸಿಗುವುದು ಗುಂಡಿ ಮತ್ತು ಧೂಳು.

ಹೀಗಾಗಿ ನಮ್ಮ ಹೆಂಗಸರು ಮಂಗಳವಾರ ಧಾರೆಸೀರೆ ಉಟ್ಟು ಸೊಪ್ಪು ತರಲು ಹೋಗುತ್ತಾರೆ. ಸೈಕಲ್ ಅಂಗಡಿಯವನು ತಿಂಗಳಿಗೊಮ್ಮೆ ತನ್ನ ಮದುವೆಯ ಜರಿಪೇಟ ಸುತ್ತಿಕೊಂಡು ಪಂಕ್ಚರ್ ಹಾಕುತ್ತಾನೆ. ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರೊಬ್ಬರು ಮೊದಲ ದಿನ ಬೀದಿ ನೋಡಿ ಯಾರದೋ ದೊಡ್ಡ ಮದುವೆ ಇರಬೇಕೆಂದುಕೊಂಡು ಮಧ್ಯಾಹ್ನದವರೆಗೆ ಯಾರಾದರೂ ಊಟಕ್ಕೆ ಕರೆಯುತ್ತಾರೇನೋ ಎಂದು ಕಾದಿದ್ದರಂತೆ. ಹೆಣ್ಣು ನೋಡಲು ಹೋದಾಗ ಅತ್ತೆಯಾಗುವವಳು ಹಾಡು ಬರುತ್ತದೆಯೇ ಅಡುಗೆ ಬರುತ್ತದೆಯೇ ಎಂದು ಕೇಳುವುದಿಲ್ಲ. ಹುಡುಗಿಯ ರಟ್ಟೆ ಹಿಡಿದು ನೋಡಿ, ತನ್ನ ಅತ್ತೆಯ ರೇಷ್ಮೆ ಕುಪ್ಪಸ ಇವಳಿಗೆ ಹಿಡಿಸುತ್ತದೆಯೇ ಎಂದು ಮನಸ್ಸಿನಲ್ಲೇ ಅಳೆಯುತ್ತಾಳೆ.

ಬದುಕಿರುವವರ ಬಟ್ಟೆಗೆ ಅವರವರ ಮೈ ಇದೆ. ಕಷ್ಟವಿರುವುದು ಹೋದವರ ಬಟ್ಟೆಯದು. ಅವರ ಬಟ್ಟೆಗೆ ಇನ್ಯಾರಾದರೂ ಮೈ ಕೊಡಬೇಕು. ಹೀಗೆ ಮೈ ಕೊಡುವುದಕ್ಕೆ ನಮ್ಮಲ್ಲಿ ಯಾರೂ ಏನನ್ನೂ ಕೊಡುವುದಿಲ್ಲ, ತೆಗೆದುಕೊಳ್ಳುವುದೂ ಇಲ್ಲ. ಒಂದು ಲೋಟ ಕಾಫಿ, ಅಷ್ಟೇ. ನಿಯಮವಿರುವುದು ಒಂದೇ. ಕೋಟು ಮೈಮೇಲಿರುವಷ್ಟು ಹೊತ್ತೂ ಮೈ ಕೊಟ್ಟವನು ಮಾತಾಡಬಾರದು. ಬೇರೆ ದನಿ ಬಂದರೆ ಮನೆಯವರಿಗೆ ಸಂಕಟವಾಗುತ್ತದೆ, ಅದಕ್ಕೆ. ನನಗೆ ಹೀಗೆ ಐದು ಮನೆಗಳಿದ್ದವು. ಒಂದು ಮನೆಯಲ್ಲಿ ಅಣ್ಣತಮ್ಮಂದಿರು ನನ್ನನ್ನು ನಡುವೆ ಕೂರಿಸಿ ಅಪ್ಪನ ಮುಂದೆ ಹೇಳುವಂತೆ ಗೋಡೆಯ ಜಗಳ ಹೇಳುತ್ತಿದ್ದರು. ಇನ್ನೊಂದು ಮನೆಯಲ್ಲಿ ಮುದುಕಿಯೊಬ್ಬಳು ನಾನು ಅಳಿಯನ ಸ್ವೆಟರ್ ತೊಟ್ಟು ಕೂತೊಡನೆ ಒಂದು ಗಂಟೆ ಬಿಡದೆ ಬೈದು, ಕೊನೆಗೆ ಕಣ್ಣೊರೆಸಿಕೊಂಡು ಮುಂದಿನ ತಿಂಗಳು ತಪ್ಪಿಸಬೇಡಿ ಎನ್ನುತ್ತಿದ್ದಳು. ಅವಳ ಬೈಗುಳಗಳಲ್ಲಿ ಕೆಲವನ್ನು ನಾನು ಕೆಟ್ಟುಹೋದ ವಾಲ್ವುಗಳ ಮೇಲೆ ಈಗಲೂ ಬಳಸುತ್ತೇನೆ.

ಐದನೆಯದು ಹಾಲಮ್ಮನವರ ಮನೆ. ಅವರ ಯಜಮಾನರು ಸಿದ್ಧವೀರಪ್ಪ ನಮ್ಮೂರ ಪೋಸ್ಟ್ ಮಾಸ್ತರರಾಗಿದ್ದರು. ಕಡುಕಂದು ಬಣ್ಣದ, ಕುತ್ತಿಗೆಯವರೆಗೆ ಗುಂಡಿಯಿರುವ ಉಣ್ಣೆಯ ಕೋಟನ್ನು ಬೇಸಗೆಯಲ್ಲೂ ಬಿಚ್ಚಿದವರಲ್ಲ. ಚಳಿಗಾಲದ ಒಂದು ಜ್ವರದಲ್ಲಿ ನಾಲ್ಕೇ ದಿನಕ್ಕೆ ಹೋಗಿಬಿಟ್ಟರು. ಮಕ್ಕಳಿಲ್ಲ. ಹಾಲಮ್ಮನವರಿಗೆ ಆಗ ಮೂವತ್ತೆಂಟು, ನನಗೆ ನಲವತ್ತು. ಅಮಾವಾಸ್ಯೆ ಕಳೆದ ಮೊದಲ ಶುಕ್ರವಾರ ಮಧ್ಯಾಹ್ನ ಮೂರಕ್ಕೆ ನಾನು ಹೋಗುತ್ತಿದ್ದೆ. ಪಡಸಾಲೆಯ ಗೂಟದ ಮೇಲೆ ಕೋಟು ಇರುತ್ತಿತ್ತು, ಕೆಳಗೆ ಒಂದು ಕುರ್ಚಿ, ಪಕ್ಕದಲ್ಲಿ ಮುಚ್ಚಿಟ್ಟ ಕಾಫಿ. ನಾನು ತೊಟ್ಟು ಕೂತ ಸದ್ದು ಕೇಳಿದ ಮೇಲೆ ಅವರು ಒಳಗಿನಿಂದ ಬಂದು, ನನಗೆ ಬೆನ್ನು ಮಾಡಿ ಹೊಸ್ತಿಲ ಮೇಲೆ ಕೂತು, ಮೊರದಲ್ಲಿ ಕಾಳು ಹಸನು ಮಾಡುತ್ತಾ ಮಾತು ಶುರುಮಾಡುತ್ತಿದ್ದರು. ನನ್ನ ಜೊತೆ ಅಲ್ಲ, ಕೋಟಿನ ಜೊತೆ.

ತಿಂಗಳಲ್ಲಿ ನಡೆದದ್ದೆಲ್ಲ ಆ ಒಂದು ಗಂಟೆಯಲ್ಲಿ ಬರುತ್ತಿತ್ತು. ಪಕ್ಕದ ಮನೆಯವರ ಕೋಳಿ ಇವರ ಕಟ್ಟಿಗೆ ಒಟ್ಟಿಲಲ್ಲಿ ಮೊಟ್ಟೆ ಇಟ್ಟದ್ದು, ಅದನ್ನು ವಾಪಸು ಕೊಟ್ಟದ್ದು, ಕೊಟ್ಟದ್ದಕ್ಕೆ ಒಳಗೊಳಗೇ ಬೇಜಾರಾದದ್ದು. ಎದುರಿನ ಅಂಚೆಕಚೇರಿಯಲ್ಲಿ ಹೊಸ ಪೋಸ್ಟ್ ಮಾಸ್ತರರು ಸೀಲು ಹೊಡೆಯುವ ಸದ್ದಿಗೆ ಮಧ್ಯಾಹ್ನದ ನಿದ್ದೆ ಕೆಡುವುದು. ನಡುನಡುವೆ ಒಂದು ಪ್ರಶ್ನೆ ಕೇಳುತ್ತಿದ್ದರು. ಕೇಳಿ, ಉತ್ತರಕ್ಕೆ ಬೇಕಾಗುವಷ್ಟು ಹೊತ್ತು ಸುಮ್ಮನಿದ್ದು, ಉತ್ತರ ಬಂದವರಂತೆ ಮುಂದಕ್ಕೆ ಹೋಗುತ್ತಿದ್ದರು. ನಾನು ಕಾಫಿ ಕುಡಿದು, ಗಂಟೆಯಾದ ಮೇಲೆ ಕೋಟನ್ನು ಗೂಟಕ್ಕೆ ಹಾಕಿ ಬರುತ್ತಿದ್ದೆ. ಬೀದಿಯಲ್ಲಿ ಎದುರಾದರೆ ಇಬ್ಬರೂ ತಲೆ ತಗ್ಗಿಸುತ್ತಿದ್ದೆವು. ನಮ್ಮೂರಿನಲ್ಲಿ ಅದು ಮರ್ಯಾದೆ.

ನಾಲ್ಕು ವರ್ಷ ಹೀಗೆಯೇ ಹೋಯಿತು. ಐದನೆಯ ವರ್ಷ ಒಂದು ಶುಕ್ರವಾರ ಹಾಲಮ್ಮನವರು ತಾವು ಬಚ್ಚಲಲ್ಲಿ ಜಾರಿ ಬಿದ್ದದ್ದನ್ನು ಹೇಳುತ್ತಿದ್ದರು. ಬಿದ್ದ ಮೇಲೆ ಎಬ್ಬಿಸುವವರು ಯಾರೂ ಇಲ್ಲವೆಂದು ಗೊತ್ತಿದ್ದರೂ, ಯಾರಾದರೂ ಬರಲಿ ಎಂದು ಸ್ವಲ್ಪ ಹೊತ್ತು ಗತ್ತಿನಿಂದ ಅಲ್ಲೇ ಕೂತಿದ್ದರಂತೆ. ಬಂದದ್ದು ಬೆಕ್ಕು. ಬೆಕ್ಕು ಬಾಗಿಲಲ್ಲಿ ನಿಂತು ನೋಡಿ, ಇದು ತನ್ನ ಕೈಲಾಗುವ ಕೆಲಸವಲ್ಲ ಎಂಬಂತೆ ಹೊರಟುಹೋಯಿತಂತೆ. ನನಗೆ ನಗು ತಡೆಯಲಾಗಲಿಲ್ಲ. ಬಾಯಿ ಮುಚ್ಚಿಕೊಂಡೆ, ಆದರೆ ಭುಜ ಕುಲುಕಿ ಕುರ್ಚಿ ಕಿರುಗುಟ್ಟಿತು. ಹಾಲಮ್ಮನವರ ಕೈ ಕಾಳಿನಲ್ಲೇ ನಿಂತಿತು. ಮುಗಿಯಿತು, ಇನ್ನು ನನ್ನನ್ನು ಕರೆಯುವುದಿಲ್ಲ ಎಂದುಕೊಂಡೆ. ಒಂದು ನಿಮಿಷ ಬಿಟ್ಟು ಅವರು ಮತ್ತೆ ಮೊದಲಿನಿಂದ ಬೆಕ್ಕಿನ ಕಥೆಯನ್ನೇ ಹೇಳಿದರು, ಈ ಸಲ ಸ್ವಲ್ಪ ಬೆಳೆಸಿ. ಆವತ್ತು ಮನೆಗೆ ಬರುವಾಗ ನನಗೆ ಗೊತ್ತಾಯಿತು, ಈ ಹೆಂಗಸನ್ನು ಕಂಡರೆ ನನಗೆ ಪ್ರೀತಿ. ಅಮ್ಮನನ್ನು ನೋಡಿಕೊಳ್ಳುವುದರಲ್ಲಿ ಮದುವೆಯ ವಯಸ್ಸು ದಾಟಿಸಿಕೊಂಡಿದ್ದವನಿಗೆ ಅದು ಬಂದದ್ದು ಇನ್ನೊಬ್ಬರ ಕೋಟಿನೊಳಗೆ ಕೂತಿದ್ದಾಗ.

ಅಂದಿನಿಂದ ನಾನು ಶುಕ್ರವಾರ ಗಡ್ಡ ಹೆರೆದುಕೊಂಡು ಹೋಗತೊಡಗಿದೆ. ನೋಡುವವರಿಲ್ಲ, ಬೆನ್ನು ಮಾಡಿ ಕೂರುವವರಿಗೆ ಗಡ್ಡವಿದ್ದರೇನು ಬಿಟ್ಟರೇನು. ಆದರೂ ಹೆರೆದುಕೊಳ್ಳುತ್ತಿದ್ದೆ.

ನಮ್ಮೂರಿನಲ್ಲಿ ಒಂದು ಮಾತಿದೆ, ಹೆಚ್ಚು ಜನ ಬಾಯಿ ಬಿಟ್ಟು ಆಡುವುದಿಲ್ಲ. ಮೈಬಿಸಿ ಕೊಟ್ಟ ಬಟ್ಟೆಯನ್ನೂ ನುಸಿ ತಿನ್ನುವುದುಂಟು. ಮೈ ಕೊಟ್ಟವನು ಅಲ್ಲಿ ಹೋದವರಿಗಾಗಿ ಕೂರದೆ ತನಗಾಗಿ ಕೂತರೆ ಅದಕ್ಕೆ ಗೊತ್ತಾಗುತ್ತದೆ ಎನ್ನುತ್ತಾರೆ. ಹಾಗಾದ ಮನೆಗೆ ಅವನನ್ನು ಮತ್ತೆ ಕರೆಯುವುದಿಲ್ಲ. ನಾನು ಇದನ್ನು ನಂಬಿರಲಿಲ್ಲ. ಹನ್ನೊಂದನೆಯ ವರ್ಷದ ಮಾಘ ಮಾಸದಲ್ಲಿ ಸಿದ್ಧವೀರಪ್ಪನವರ ಕೋಟಿನ ಕೊರಳಪಟ್ಟಿಯ ಹಿಂದೆ ನನ್ನ ಬೆರಳಿಗೆ ಸಾಸಿವೆಯಷ್ಟು ತೂತು ಸಿಕ್ಕಿತು. ಆ ಗಂಟೆ ಹಾಲಮ್ಮನವರು ಏನು ಹೇಳಿದರೋ ನನ್ನ ಕಿವಿಗೆ ಬೀಳಲಿಲ್ಲ. ಕೋಟು ಹೋದರೆ ಶುಕ್ರವಾರ ಹೋಯಿತು, ಶುಕ್ರವಾರ ಹೋದರೆ ನನಗೆ ಆ ದನಿ ಹೋಯಿತು. ಅವರನ್ನು ನೋಡಲು ಹೋಗುವುದಕ್ಕೆ ನನ್ನ ಹತ್ತಿರ ಬೇರೆ ಯಾವ ನೆವವೂ ಇರಲಿಲ್ಲ.

ಮೈ ಕೊಟ್ಟವನು ಕೋಟು ತೊಟ್ಟು ಒಂದು ಸುತ್ತು ಅಡ್ಡಾಡಿ ಬರಬಹುದು, ಅದಕ್ಕೆ ಅಡ್ಡಿಯಿಲ್ಲ. ಮಾರನೆಯ ತಿಂಗಳು ಕೂತ ಸ್ವಲ್ಪ ಹೊತ್ತಿಗೆ ಎದ್ದೆ. ಕುರ್ಚಿಯ ಸದ್ದು ಕೇಳಿ ಹಾಲಮ್ಮನವರು ತಿರುಗದೆಯೇ, "ಹೋಗ್‌ಬರ್ರಿ. ಕೆರೆ ಕಡೆ ಗಾಳಿ ಜಾಸ್ತಿ ಐತೆ, ಗುಂಡಿ ಹಾಕ್ಕಳಿ," ಅಂದರು. ಅಷ್ಟು ಹೊತ್ತಿಗೆ ಸಾಸಿವೆ ಕಡಲೆಯಾಗಿತ್ತು. ನಾನು ಕೆರೆಯ ಕಡೆ ಹೋಗಲಿಲ್ಲ, ರಫೂ ಜೈತೂನಬಿಯ ಹತ್ತಿರ ಹೋದೆ.

ಜೈತೂನಬಿ ಉಣ್ಣೆಪೇಟೆಯ ಮೂಲೆಯಲ್ಲಿ ಕೂತು ಹರಿದ ಬಟ್ಟೆಗೆ ನೂಲಿನಿಂದಲೇ ನೇಯ್ದು ತೂತು ಮುಚ್ಚುವ ಹೆಂಗಸು. ಅವಳು ಮುಚ್ಚಿದ ತೂತನ್ನು ಬೆರಳಿಟ್ಟು ಹುಡುಕಿದರೂ ಸಿಗುವುದಿಲ್ಲ. ನಾನು ಬಿಚ್ಚಿಕೊಟ್ಟ ಕೋಟನ್ನು ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದಳು.

"ಇದು ಪೋಸ್ಟ್ ಮಾಸ್ತರ ಕೋಟಲ್ವಾ? ತಿಂಗ್ಳು ತಪ್ಪಿಸಿದ್ರಾ?"

"ಒಂದು ತಿಂಗ್ಳೂ ತಪ್ಪಿಸಿಲ್ಲ," ಅಂದೆ.

ಅವಳು ಸೂಜಿ ಕೆಳಗಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಹೆರೆದ ಗಲ್ಲ, ಎಣ್ಣೆ ಹಾಕಿ ಬಾಚಿದ ತಲೆ. "ನೀರು ಬಿಡೋ ಕೆಲಸಕ್ಕೆ ಸೆಂಟು ಹಾಕ್ಕಂಡು ಹೋಗ್ತೀರಾ?"

"ಸೆಂಟಲ್ಲ ಅದು, ಸೋಪು."

"ಹೂಂ," ಅಂದಳು. ಅದರಲ್ಲೇ ಎಲ್ಲ ಇತ್ತು. ಆಮೇಲೆ ಕೋಟಿನ ಅಂಚು ಮಡಿಸಿ ತೋರಿಸಿದಳು. "ಕೋಟಿನ ತೂತಿಗೆ ಕೋಟಿಂದೇ ನೂಲು ತಗೀಬೇಕು. ಒಳಮಡಿಕೇಲಿ ಬಿಟ್ಟಿರ್ತಾರೆ. ಇದನ್ನ ಹೊಲ್ದೋನು ಭಾರಿ ಜಿಪುಣ, ಒಂದೆಳೇನೂ ಬಿಟ್ಟಿಲ್ಲ. ನಾನೇನು ಮಾಡ್ಲಿ?"

ನನ್ನ ಕುತ್ತಿಗೆಯಲ್ಲಿ ಅಮ್ಮ ಹೆಣೆದುಕೊಟ್ಟ ಮಫ್ಲರ್ ಇತ್ತು. ಬಣ್ಣ ಹಾಕದ, ಕುರಿಯ ಮೈಮೇಲಿದ್ದ ಹಾಗೆಯೇ ಕಂದು. ಅದನ್ನು ಬಿಚ್ಚಿ ಅವಳ ಮುಂದಿಟ್ಟೆ. ಜೈತೂನಬಿ ಕೈ ಹಿಂದಕ್ಕೆ ಎಳೆದುಕೊಂಡಳು. ಬದುಕಿರುವವರ ನೂಲನ್ನು ಹೋದವರ ಬಟ್ಟೆಗೆ ಹಾಕುವುದು ನಮ್ಮಲ್ಲಿ ಯಾರೂ ಮಾಡದ ಕೆಲಸ.

"ನಾಳೆ ಆ ಯಮ್ಮ ಇದು ಯಾರ ಕೋಟು ಅಂತ ಕೇಳಿದ್ರೆ ಏನು ಹೇಳ್ತೀರಿ?"

"ಅವರು ತಿರುಗೇ ನೋಡಲ್ಲ ಜೈತೂನಕ್ಕ."

ಅವಳು ಸೂಜಿಯನ್ನು ಮತ್ತೆ ಕೈಗೆತ್ತಿಕೊಂಡಳು. ಮಫ್ಲರಿನ ತುದಿಯಿಂದ ಎರಡು ಎಳೆ ಬಿಚ್ಚಿದಳು. ಅಮ್ಮ ಕಣ್ಣು ಮಂಜಾದ ಮೇಲೆ ಹೆಣೆದದ್ದು ಅದು. ಬಿಚ್ಚುವುದನ್ನು ನೋಡಲಾರದೆ ಬೀದಿಯ ಕಡೆ ತಿರುಗಿದೆ. ಆದರೂ ಬೇಡ ಎನ್ನಲಿಲ್ಲ.

ಆಮೇಲೆ ನಾನು ಮಾಡಿದ ಸರ್ಕಸ್ಸು ಅಷ್ಟಿಷ್ಟಲ್ಲ. ಕೋಟಿನೊಳಗೆ ನಾನು ಇರಬಾರದೆಂದು ಕೂತಲ್ಲೇ ಮನಸ್ಸಿನಲ್ಲಿ ಹದಿನೇಳರ ಮಗ್ಗಿ ಹೇಳಿಕೊಳ್ಳುತ್ತಿದ್ದೆ. ನಾನು ಪಾಲಾಕ್ಷಪ್ಪನಲ್ಲ, ಸಿದ್ಧವೀರಪ್ಪ, ಪೋಸ್ಟ್ ಮಾಸ್ತರ, ಎಂದು ಜಪ ಮಾಡುತ್ತಿದ್ದೆ. ಅಷ್ಟರಲ್ಲಿ ಹಾಲಮ್ಮನವರು ಏನಾದರೂ ಒಂದು ಹೇಳುತ್ತಿದ್ದರು, ನಾನು ಮಗ್ಗಿ ಬಿಟ್ಟು ಕೇಳುತ್ತಾ ಕೂರುತ್ತಿದ್ದೆ. ಪ್ರತಿ ತಿಂಗಳೂ ಹೊಸ ತೂತು. ಎಡ ಕಂಕುಳು, ಬಲ ಜೇಬಿನ ಬಾಯಿ, ಎದೆಯ ಮೂರನೆಯ ಗುಂಡಿಯ ಪಕ್ಕ. ಭಾದ್ರಪದದ ಹೊತ್ತಿಗೆ ಜೈತೂನಬಿ ಏಳು ತೂತು ಮುಚ್ಚಿದ್ದಳು. ಹಳೆಯ ನೂಲು, ಬಿಚ್ಚಿದಾಗ ಹೆಚ್ಚಿನದು ತುಂಡಾಗಿ ಹಾಳಾಗುತ್ತಿತ್ತು, ಎರಡು ಮಾರು ಉದ್ದವಿದ್ದ ನನ್ನ ಮಫ್ಲರ್ ಕರವಸ್ತ್ರದಷ್ಟಾಗಿತ್ತು. ಅದನ್ನು ಕುತ್ತಿಗೆಗೆ ಸುತ್ತಲು ಬರುತ್ತಿರಲಿಲ್ಲ, ಅಂಗಿಯ ಒಳಗೆ ಎದೆಗೆ ಒತ್ತಿ ಇಟ್ಟುಕೊಳ್ಳುತ್ತಿದ್ದೆ.

ಹಾಲಮ್ಮನವರಲ್ಲೂ ಏನೋ ಬದಲಾಗಿತ್ತು. ಮಾತು ಕಡಿಮೆಯಾಗಿತ್ತು. ಮೊರದಲ್ಲಿ ಹಸನಾದ ಕಾಳನ್ನೇ ಮತ್ತೆ ಹಸನು ಮಾಡುತ್ತಿದ್ದರು. ಶ್ರಾವಣದಲ್ಲಿ ಒಮ್ಮೆ ತಲೆಯನ್ನು ಅರ್ಧ ತಿರುಗಿಸಿ, ಕೆನ್ನೆ ಕಾಣುವಷ್ಟಕ್ಕೆ ನಿಲ್ಲಿಸಿ, ಮತ್ತೆ ಆ ಕಡೆ ನೋಡಿದರು. ಅವರಿಗೆ ಗೊತ್ತಾಗಿದೆ ಎಂದು ನನಗೆ ಭಯವಾಯಿತು. ಹೇಳಿಬಿಡೋಣ ಎನಿಸುತ್ತಿತ್ತು. ಹೇಳಿದರೆ ಬರಬೇಡಿ ಎನ್ನುತ್ತಾರೆ. ಹೇಳದಿದ್ದರೆ ಕೋಟು ಮುಗಿದು ತಾನಾಗಿಯೇ ಬರುವುದು ನಿಲ್ಲುತ್ತದೆ. ಹೇಗೂ ನಿಲ್ಲುವುದೇ ಆದರೆ ಇನ್ನೊಂದು ತಿಂಗಳು ಕೇಳಿಸಿಕೊಂಡು ನಿಲ್ಲಲಿ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಪ್ರಾಮಾಣಿಕನಾದವನು ಹೀಗೆ ಯೋಚಿಸುವುದಿಲ್ಲ ಎಂದು ಗೊತ್ತಿತ್ತು.

ಆಶ್ವೀಜದ ಶುಕ್ರವಾರ ಹೋದಾಗ ಗೂಟ ಖಾಲಿ ಇತ್ತು. ಕುರ್ಚಿ ಇರಲಿಲ್ಲ, ಕಾಫಿ ಇರಲಿಲ್ಲ. ಹಾಲಮ್ಮನವರು ಪಡಸಾಲೆಯ ನಡುವೆ ನನ್ನ ಕಡೆಗೆ ಮುಖ ಮಾಡಿ ನಿಂತಿದ್ದರು. ಆ ಮನೆಯೊಳಗೆ ಅವರ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಕೈಯಲ್ಲಿ ಮೊರ. ಮೊರದಲ್ಲಿ ಕಾಳಿರಲಿಲ್ಲ. ಕೊಂಬಿನ ಐದು ಗುಂಡಿ, ಕೊರಳಪಟ್ಟಿಯ ಒಳಗಿದ್ದ ಹತ್ತಿಯ ಅಸ್ತರು, ಮುಷ್ಟಿಯಷ್ಟು ಕಂದು ಧೂಳು. ಧೂಳಿನ ಮೇಲೆ ಸಾಲಾಗಿ ಜೋಡಿಸಿಟ್ಟ ಏಳು ಪುಟ್ಟ ನೇಯ್ಗೆಯ ತುಂಡು. ಒಂದೊಂದೂ ರೂಪಾಯಿ ಬಿಲ್ಲೆಯಷ್ಟು, ಒಂದೆಳೆಯೂ ಕೆಟ್ಟಿರಲಿಲ್ಲ.

"ಬೀರು ತಗದೆ, ಉದುರಿಬಿಡ್ತು," ಅಂದರು. "ಪೂರ್ತಿ ತಿಂದೈತೆ. ಇವೇಳು ಮಾತ್ರ ಬಿಟ್ಟೈತೆ. ಬೆಳಗ್ಗಿಂದ ಧೂಳಲ್ಲಿ ಆರಿಸಿದೀನಿ. ಇವು ನಮ್ಮೋರ ಉಣ್ಣೆ ಅಲ್ಲ. ಯಾರದಿದು?"

ಕೋಟಿಲ್ಲದಿದ್ದರೂ ಹನ್ನೊಂದು ವರ್ಷದ ಅಭ್ಯಾಸ, ನನ್ನ ಬಾಯಿ ತೆರೆಯಲಿಲ್ಲ. ಅಂಗಿಯೊಳಗೆ ಕೈಹಾಕಿ ಉಳಿದಿದ್ದ ಮಫ್ಲರಿನ ತುಂಡನ್ನು ತೆಗೆದು ಮೊರದಲ್ಲಿ ಆ ಏಳರ ಪಕ್ಕ ಇಟ್ಟೆ. ಅವರು ಅದನ್ನು ನೋಡಿದರು, ನನ್ನನ್ನು ನೋಡಿದರು. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಮೊರವನ್ನು ಮಡಿಲಲ್ಲಿಟ್ಟುಕೊಂಡು ಅತ್ತರು. ಸಿದ್ಧವೀರಪ್ಪನವರು ಹೋದಾಗ ಅತ್ತಿದ್ದರೋ ಇಲ್ಲವೋ ನನಗೆ ಗೊತ್ತಿಲ್ಲ, ನಾನು ಆ ಮನೆಗೆ ಬಂದದ್ದು ಆಮೇಲೆ. ಈಗ ಅತ್ತದ್ದು ಅವರಿಗಾಗಿಯೇ ಎಂದು ತಿಳಿಯಿತು. ನಾನು ಬಾಗಿಲ ಹತ್ತಿರ ಕಳ್ಳನ ಹಾಗೆ ನಿಂತಿದ್ದೆ.

"ಮಾತಾಡ್ರಿ," ಅಂದರು ಸ್ವಲ್ಪ ಹೊತ್ತಿನ ಮೇಲೆ. "ಕೋಟೇ ಇಲ್ಲ. ಇನ್ಯಾಕೆ ಬಾಯಿ ಮುಚ್ಕಂಡಿದೀರಿ?"

"ತಪ್ಪು ನಂದೇ," ಅಂದೆ. ನನ್ನ ದನಿ ಆ ಮನೆಯಲ್ಲಿ ನನಗೇ ಹೊಸದಾಗಿ ಕೇಳಿಸಿತು. "ಮಾಘದಲ್ಲೇ ಹುಳ ಬಿದ್ದಿತ್ತು. ಮುಚ್ಚಿಟ್ಟೆ. ಹೇಳಿದ್ರೆ ಬರಬ್ಯಾಡ ಅಂತೀರಿ ಅಂತ. ಕೋಟು ಹಾಕ್ಕಂಡು ಕೂತಿದ್ದು ನಿಮ್ಮ ಯಜಮಾನರಿಗೋಸ್ಕರ ಅಲ್ಲ. ಆರು ವರ್ಷದಿಂದ್ಲೂ ಅಲ್ಲ. ನಿಮ್ಮ ಮಾತು ಕೇಳಕ್ಕೆ ಬರ್ತಿದ್ದೆ. ಅದಕ್ಕೇ ತಿಂದಿರೋದು."

ಹಾಲಮ್ಮನವರು ಸೆರಗಿನಿಂದ ಮುಖ ಒರೆಸಿಕೊಂಡರು. "ಆರು ವರ್ಷದಿಂದ ಅಂತೀರಿ. ಹುಳ ಬಿದ್ದಿದ್ದು ಈ ಮಾಘದಾಗೆ. ನಿಮ್ಮೊಬ್ಬರಿಂದಾನೇ ಆಗಿದ್ರೆ ಆರು ವರ್ಷ ಅದು ಉಪಾಸ ಕೂತಿರ್ತಿತ್ತಾ?"

ಅವರು ಮೊರದ ಧೂಳನ್ನು ಬೆರಳಿನಿಂದ ಒಂದು ಕಡೆಗೆ ಸರಿಸುತ್ತಾ ನಿಧಾನಕ್ಕೆ ಹೇಳಿದರು.

"ಹೋದ ಚಳಿಗಾಲದಾಗೆ ಒಂದು ಶುಕ್ರವಾರ ಬೆಳಗ್ಗೆ ಎದ್ದು, ಇವತ್ತು ಇದನ್ನ ಹೇಳ್ಬೇಕು ಅದನ್ನ ಹೇಳ್ಬೇಕು ಅಂತ ಮಾತು ಜೋಡಿಸ್ಕಂತಿದ್ದೆ. ಯಾರಿಗೆ ಹೇಳಕ್ಕೆ ಅಂತ ನನ್ನ ನಾನೇ ಕೇಳ್ಕಂಡೆ. ಅವರ ಮುಖ ಬರ್ಲಿಲ್ಲ. ಕುರ್ಚಿ ಸದ್ದು ಬಂತು. ನೀವು ನಗೋದು ತಡ್ಕಂಡಾಗ ಬರೋ ಸದ್ದು. ಆವತ್ತು ಮಧ್ಯಾಹ್ನ ನಿಮಗೆ ಬೆನ್ನು ಮಾಡಿ ಕೂತು ಅವರ ಹೆಸರಲ್ಲಿ ಮಾತಾಡಕ್ಕೆ ನಾಚಿಕೆ ಆತು. ಆದ್ರೂ ಮಾತಾಡ್ದೆ. ಅವರನ್ನ ನೆಪ ಮಾಡ್ಕಂಡು ನಿಮಗೆ ಹೇಳ್ದೆ. ನಾನೇ ತಿನ್ನಿಸಿದೀನಿ ಅಂತ ಬೆಳಗ್ಗಿಂದ ಕೂತಿದ್ದೆ ನಾನು. ನೀವು ಬಂದು ಅದ್ರಾಗೂ ಪಾಲು ಕೇಳ್ತೀರಿ."

ಇಬ್ಬರೂ ಮೊರವನ್ನೇ ನೋಡುತ್ತಾ ಇದ್ದೆವು. ನನ್ನ ಎದೆಯಲ್ಲಿ ಸಂತೋಷ ಆಗುತ್ತಿತ್ತು, ಆ ಧೂಳಿನ ಮುಂದೆ ನಿಂತು ಸಂತೋಷಪಡುವುದಕ್ಕೆ ಅಷ್ಟೇ ಸಂಕೋಚವೂ ಆಗುತ್ತಿತ್ತು. ಹಾಲಮ್ಮನವರು ಎದ್ದು ಗುಂಡಿಗಳನ್ನು ಒಂದು ಬಟ್ಟೆಯಲ್ಲಿ ಕಟ್ಟಿ ದೇವರ ಗೂಡಿನಲ್ಲಿಟ್ಟರು. ಧೂಳನ್ನು ಹಿತ್ತಲಿಗೆ ಒಯ್ದು ತುಳಸಿಯ ಬುಡಕ್ಕೆ ಹಾಕಿ, ನೀರು ಹನಿಸಿ, ಕೈ ಮುಗಿದರು. ನಾನೂ ದೂರದಿಂದ ಮುಗಿದೆ. ಹನ್ನೊಂದು ವರ್ಷ ನನ್ನನ್ನು ಬೆಚ್ಚಗಿಟ್ಟ ಮನುಷ್ಯ ಸಿದ್ಧವೀರಪ್ಪನವರು, ನಾನು ಅವರಿಗೆ ಮಾಡಿದ್ದು ಅಷ್ಟೇನೂ ಒಳ್ಳೆಯದಲ್ಲ.

"ಬರ್ತೀನಿ," ಅಂದೆ.

"ಕೂತ್ಕಳಿ," ಅಂದರು.

ಒಳಗಿನಿಂದ ಕುರ್ಚಿ ತಂದಿಟ್ಟರು. ಅದರ ಎದುರಿಗೆ ಇನ್ನೊಂದು ಕುರ್ಚಿ ಹಾಕಿಕೊಂಡು ತಾವೂ ಕೂತರು. ನಾನು ಬರಿಯ ಹತ್ತಿ ಅಂಗಿಯಲ್ಲಿದ್ದೆ, ಕೈ ಎಲ್ಲಿಡಬೇಕೆಂದು ತಿಳಿಯಲಿಲ್ಲ. ಹೊರಗೆ ಗಾಳಿ ಬೀಸುತ್ತಿತ್ತು. ಅವರು ಸೀರೆಯ ನೆರಿಗೆ ಸರಿಮಾಡಿಕೊಂಡರು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಹನ್ನೊಂದು ವರ್ಷ ತಿಂಗಳಿಗೊಂದು ಗಂಟೆ ಬಿಡುವಿಲ್ಲದೆ ಮಾತಾಡಿದ ಹೆಂಗಸಿಗೆ ಈಗ ಒಂದು ಮಾತೂ ಬರುತ್ತಿರಲಿಲ್ಲ.

"ಮುಖ ನೋಡ್ಕಂಡು ನನಗೆ ಮಾತಾಡಕ್ಕೆ ಬರಲ್ಲ," ಅಂದರು ಕೊನೆಗೆ.

"ಹಂಗಾದ್ರೆ ನಾನು ಮಾತಾಡ್ಲಾ?" ಅಂದೆ. "ನೀವು ಕೇಳಿದ್ದಕ್ಕೆಲ್ಲ ಉತ್ತರ ಹಂಗೇ ಉಳಿದೈತೆ."

ಅವರು ನನ್ನನ್ನೇ ನೋಡಿದರು.

"ಮೊದಲ್ನೇ ವರ್ಷ ಚೈತ್ರದಾಗೆ ಕೇಳಿದ್ರಿ, ಹಿತ್ತಲ ಬಾವಿಗೆ ಜಾಲರಿ ಹಾಕಿಸ್ಲಾ ಅಂತ. ಹಾಕ್ಸಿ."

"ಹಾಕ್ಸಿ ಹತ್ತು ವರ್ಷ ಆತು."

"ಗೊತ್ತು. ಆದ್ರೂ ಕೇಳಿದ್ದಕ್ಕೆ ಹೇಳ್ಬೇಕಲ್ಲ. ಅದೇ ವರ್ಷ ಕಾರ್ತೀಕದಾಗೆ, ತಂಗಿ ಮನೆಗೆ ಹೋಗಿ ಇದ್ದುಬಿಡ್ಲಾ ಅಂದ್ರಿ. ಹೋಗಬ್ಯಾಡ್ರಿ. ಎರಡನೇ ವರ್ಷ, ಸೀಮೆಬದ್ನೆಕಾಯಿ ಬಳ್ಳಿ ಹಬ್ಬಿಸಿದ್ರೆ ಹಾವು ಬರ್ತಾವಾ ಅಂದ್ರಿ. ಬರಲ್ಲ. ನಾಲ್ಕನೇ ವರ್ಷ, ಆ ಮೊಟ್ಟೆ ವಾಪಸ್ ಕೊಟ್ಟಿದ್ದು ದಡ್ಡತನವಾ ಅಂದ್ರಿ. ಹೌದು, ದಡ್ಡತನವೇ."

ಹಾಲಮ್ಮನವರ ತುಟಿಯ ಒಂದು ಬದಿ ಮೇಲಕ್ಕೆ ಹೋಯಿತು.

"ಎಂಟನೇ ವರ್ಷ ಕನ್ನಡಕ ಬಂದಾಗ, ಇದು ನನ್ನ ಮುಖಕ್ಕೆ ಹೆಂಗೆ ಕಾಣ್ತೈತೆ ಅಂತ ಆ ಕಡೆ ತಿರುಕ್ಕಂಡೇ ಕೇಳಿದ್ರಿ. ಅವತ್ತು ಹೇಳಂಗೆ ಇರ್ಲಿಲ್ಲ. ಇ‌ವತ್ತು ನೋಡ್ದೆ. ಚೆನ್ನಾಗೈತೆ."

ಅವರು ಕನ್ನಡಕವನ್ನು ಮುಟ್ಟಿಕೊಂಡು ಕೈ ತೆಗೆದರು.

"ಒಂಬತ್ತನೇ ವರ್ಷ, ನಾನು ಹೋದ್ಮೇಲೆ ನನ್ನ ರೇಷ್ಮೆ ಸೀರೆಗೆ ಯಾರ ಮೈ ಹುಡುಕ್ಲಿ, ನನಗೆ ಮಕ್ಳಿಲ್ಲ ಅಂದ್ರಿ. ಯಾರ್ದೂ ಹುಡುಕಬ್ಯಾಡ್ರಿ. ಹುಳ ತಿನ್ಲಿ. ತಿನ್ನಕ್ಕೆ ಅದಕ್ಕೆ ಏನೂ ಉಳೀದಂಗೆ ನೀವೇ ಉಟ್ಟು ಉಟ್ಟು ಹರಿದುಬಿಡ್ರಿ."

ನಮ್ಮೂರಿನಲ್ಲಿ ಯಾರೂ ಯಾರಿಗೂ ಹೇಳದ ಮಾತು ಅದು. ಹಾಲಮ್ಮನವರು ಬಾಯಿಗೆ ಸೆರಗು ಹಿಡಿದು ನಕ್ಕರು. ನಕ್ಕು ಮುಗಿದ ಮೇಲೆ ಸೆರಗು ಕೆಳಗಿಳಿಸಿ, ನನ್ನ ಕಣ್ಣನ್ನೇ ನೋಡುತ್ತಾ ಕೂತರು.

"ಏಳನೇ ವರ್ಷದ್ದು ಬಿಟ್ಟುಬಿಟ್ರಿ," ಅಂದರು.

ಬಿಟ್ಟದ್ದು ಮರೆತಲ್ಲ, ಬೇಕೆಂದೇ. ಏಳನೆಯ ವರ್ಷದ ಪುಷ್ಯ ಮಾಸದಲ್ಲಿ, ಚಳಿ ಜೋರಿದ್ದ ದಿನ, ಕಾಳಿನ ಮೇಲಿಂದ ಕೈ ತೆಗೆಯದೆ ಅವರು ಕೋಟನ್ನು ಕೇಳಿದ್ದರು, ಮುಂದೆ ಯಾವಾಗ ಬರ್ತೀರಿ ಎಂದು. ಹೋದವರನ್ನು ಹಾಗೆ ಕೇಳಿದಾಗ ನನಗೆ ದುಃಖ ಒತ್ತಿಬಂದು, ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದಿದ್ದೆ.

"ಅದು ಅವರಿಗೆ ಕೇಳಿದ್ದು," ಅಂದೆ.

"ಈಗ ನಿಮಗೆ ಕೇಳ್ತಿದೀನಿ."

ಅಮಾವಾಸ್ಯೆ ಕಳೆದು ಮೂರು ದಿನವಾಗಿತ್ತು. ಮುಂದಿನದಕ್ಕೆ ಇನ್ನೂ ಇಪ್ಪತ್ತಾರು ದಿನವಿತ್ತು.

"ನಾಳೆ ಬೆಳಗ್ಗೆ," ಅಂದೆ. "ಈ ಬೀದಿಗೆ ನೀರು ಬಿಟ್ಟ ತಕ್ಷಣ."